ಯಾರೂ ಹೋಗದ ಜಾಗದಲ್ಲಿ ಇರುವುದು ಕಲ್ಲು ಅಂತ ಹೇಗೆ ಗೊತ್ತು?

ಪ್ರಶ್ನೆ: ಸರ್, ನಮ್ಮದು ಹೊಸನಗರ ತಾಲೂಕಿನ ಒಂದು ಹಳ್ಳಿ. ಅಡಿಕೆ ತೋಟ ಇದೆ. ಮಗಳು ಸೆಕೆಂಡ್ ಪಿಯುಸಿ ಓದುತ್ತಿದ್ದಾಳೆ. 'ಏಷ್ಯಾ' ಅಂತ ಒಂದು ಕ್ಷುದ್ರಗ್ರಹ, ಅಂದರೆ ಸೂರ್ಯನನ್ನು ಸುತ್ತುವ ಪುಟ್ಟ ಗ್ರಹದಂಥದ್ದು, ಇದೆಯಂತೆ. ಅದನ್ನು ಕಂಡುಹಿಡಿದದ್ದು ಮದ್ರಾಸಿನಿಂದಂತೆ. ಅದು ಕಲ್ಲಿನ ಜಾತಿಯ ಕ್ಷುದ್ರಗ್ರಹ ಅಂತ ಎಲ್ಲೋ ಓದಿ ಹೇಳಿದಳು. ಅಲ್ಲಿಗೆ ಯಾವ ನೌಕೆಯೂ ಹೋಗಿಲ್ಲ ಅಂತಲೂ ಅವಳೇ ಹೇಳುತ್ತಾಳೆ. ಹಾಗಾದರೆ ಅದು ಕಲ್ಲೇ ಅಂತ ಹೇಳುವುದು ಹೇಗೆ? ಇನ್ನೊಂದು ವಿಷಯ. ಹೋದ ತಿಂಗಳು ತೋಟದ ಬಸಿಗಾಲುವೆ ಆಳ ಮಾಡಿಸುವಾಗ ತೆಂಗಿನಕಾಯಿ ಗಾತ್ರದ ಒಂದು ಕಪ್ಪು ಕಲ್ಲು ಸಿಕ್ಕಿತು. ಗಾತ್ರಕ್ಕೆ ಮೀರಿದ ಭಾರ. ಅಯಸ್ಕಾಂತ ಹಿಡಿದರೆ ಸ್ವಲ್ಪ ಅಂಟುತ್ತದೆ. ಇದು ಮೇಲಿಂದ ಬಿದ್ದದ್ದು ಇರಬಹುದಾ?

ಉತ್ತರ: ನಿಮ್ಮ ತೋಟದ ಕಲ್ಲಿನ ವಿಷಯಕ್ಕೆ ಕೊನೆಗೆ ಬರುತ್ತೇನೆ. ಅಲ್ಲಿಯವರೆಗೆ ಅದನ್ನು ಒಡೆಯಬೇಡಿ, ಹುಣಸೆಹಣ್ಣು ಹಾಕಿ ತಿಕ್ಕಲೂ ಬೇಡಿ. ಮೊದಲು ಮಗಳ ಪ್ರಶ್ನೆ. ಎರಡಕ್ಕೂ ಸಂಬಂಧ ಇದೆ.

ಅವಳು ಓದಿದ್ದು ಸರಿ. ನಾರ್ಮನ್ ಪಾಗ್ಸನ್ ಅನ್ನುವ ಇಂಗ್ಲಿಷ್ ಖಗೋಳ ವಿಜ್ಞಾನಿ 1861ರಲ್ಲಿ ಮದ್ರಾಸ್ ವೀಕ್ಷಣಾಲಯಕ್ಕೆ ಬಂದರು. ಅದೇ ವರ್ಷ ಏಪ್ರಿಲ್ 17ರ ರಾತ್ರಿ ಏಷ್ಯಾ ಅವರ ಕಣ್ಣಿಗೆ ಬಿತ್ತು. ಆಗ ಆಕಾಶದ ಫೋಟೊ ತೆಗೆದು ಹುಡುಕುವ ಪದ್ಧತಿ ಇರಲಿಲ್ಲ. ನಕ್ಷತ್ರಗಳ ನಕ್ಷೆಯನ್ನು ದೀಪದ ಹತ್ತಿರ ಇಟ್ಟುಕೊಂಡು, ಟೆಲಿಸ್ಕೋಪಿನಲ್ಲಿ ಕಾಣುವ ಒಂದೊಂದು ಚುಕ್ಕಿಯನ್ನೂ ನಕ್ಷೆಯ ಜೊತೆ ತಾಳೆ ನೋಡಬೇಕಿತ್ತು. ನಕ್ಷೆಯಲ್ಲಿ ಇಲ್ಲದ ಚುಕ್ಕಿ ಕಂಡರೆ ಗುರುತು ಹಾಕಿಕೊಂಡು ಮರುದಿನಕ್ಕೆ ಕಾಯಬೇಕು. ಅಲ್ಲೇ ಇದ್ದರೆ ನಕ್ಷೆ ಬರೆದವರು ಬಿಟ್ಟ ನಕ್ಷತ್ರ. ಸ್ವಲ್ಪ ಸರಿದಿದ್ದರೆ ಕ್ಷುದ್ರಗ್ರಹ. ಆ ಸರಿದ ಚುಕ್ಕಿ ಕ್ಷುದ್ರಗ್ರಹಗಳ ಯಾದಿಯಲ್ಲಿ 67ನೆಯದಾಯಿತು. ಏಷ್ಯಾ ಖಂಡದಿಂದ ಕಂಡುಹಿಡಿದ ಮೊದಲನೆಯದು ಅದೇ, ಹಾಗಾಗಿ ಆ ಹೆಸರು. ಗ್ರೀಕ್ ಪುರಾಣದಲ್ಲೂ ಏಷ್ಯಾ ಅನ್ನುವ ದೇವತೆ ಇದ್ದಾಳೆ. ಕ್ಷುದ್ರಗ್ರಹಗಳಿಗೆ ದೇವತೆಯರ ಹೆಸರಿಡುವ ಆಗಿನ ರೂಢಿಗೂ ಅದು ಹೊಂದಿತು.

ಪಾಗ್ಸನ್ ಮುಂದೆ 30 ವರ್ಷ ಮದ್ರಾಸಿನಲ್ಲೇ ಇದ್ದು, 1891ರಲ್ಲಿ ಅಲ್ಲೇ ತೀರಿಕೊಂಡರು. ಅವರ ಮಗಳು ಐಸಿಸ್ ಅದೇ ವೀಕ್ಷಣಾಲಯದಲ್ಲಿ ಸಹಾಯಕಿಯಾಗಿ ವರ್ಷಗಟ್ಟಲೆ ಕೆಲಸ ಮಾಡಿದರು. ಅವರ ಹೆಸರಿನಲ್ಲೂ ಒಂದು ಕ್ಷುದ್ರಗ್ರಹ ಇದೆ, ನಂಬರ್ 42. ಅದೂ ಕಲ್ಲಿನದೇ. ಇದನ್ನು ನಿಮ್ಮ ಮಗಳಿಗೆ ಹೇಳಿ, ಅವಳಿಗೆ ಇಷ್ಟವಾಗುತ್ತದೆ ಅಂದುಕೊಂಡಿದ್ದೇನೆ. ಆ ವೀಕ್ಷಣಾಲಯದ ಕೆಲಸ ಆಮೇಲೆ ಕೊಡೈಕೆನಾಲಿಗೆ ಹೋಯಿತು. ಅದರ ವಾರಸುದಾರ ಸಂಸ್ಥೆ ಈಗ ಬೆಂಗಳೂರಿನ ಕೋರಮಂಗಲದಲ್ಲಿ ಇರುವ ಭಾರತೀಯ ಖಭೌತ ಸಂಸ್ಥೆ.

ಏಷ್ಯಾ ಇರುವುದು ಮಂಗಳ ಮತ್ತು ಗುರುವಿನ ನಡುವಿನ ಮುಖ್ಯ ಪಟ್ಟಿಯಲ್ಲಿ, ಅಂದರೆ ಕ್ಷುದ್ರಗ್ರಹಗಳು ಹೆಚ್ಚಾಗಿ ಸುತ್ತುವ ಬಳೆಯಂಥ ಜಾಗದಲ್ಲಿ. ಅಡ್ಡಳತೆ ಸುಮಾರು 60 ಕಿಲೋಮೀಟರ್. ಶಿವಮೊಗ್ಗದಲ್ಲಿ ಬಸ್ ಹತ್ತಿ ತೀರ್ಥಹಳ್ಳಿಯಲ್ಲಿ ಇಳಿಯುವಷ್ಟು ದೂರ. ಸೂರ್ಯನಿಂದ ಸರಾಸರಿ 36 ಕೋಟಿ ಕಿಲೋಮೀಟರ್ ದೂರದಲ್ಲಿ ಸುತ್ತುತ್ತದೆ. ಒಂದು ಸುತ್ತಿಗೆ ಸುಮಾರು ಮೂರು ಮುಕ್ಕಾಲು ವರ್ಷ. ತನ್ನ ಸುತ್ತ ತಾನು ತಿರುಗಲು ಸುಮಾರು 16 ಗಂಟೆ. ಕಲ್ಲಿನ ಸಾಂದ್ರತೆ ಹಿಡಿದು ನಾನು ಲೆಕ್ಕ ಹಾಕಿದೆ. ನಿಮ್ಮ ಮನೆಯ 50 ಕಿಲೋ ಅಕ್ಕಿ ಮೂಟೆ ಅಲ್ಲಿ ನೂರು ಗ್ರಾಂ ಚಿಲ್ಲರೆ ತೂಗುತ್ತದೆ, ಅಷ್ಟೆ.

ಈಗ ಅಸಲು ಪ್ರಶ್ನೆ. ಚುಕ್ಕಿಯಾಗಿ ಕಾಣುವ ವಸ್ತು ಕಲ್ಲು ಅಂತ ಹೇಗೆ ಹೇಳುವುದು?

ನೀವು ಶಿವಮೊಗ್ಗದ ಅಡಿಕೆ ಮಂಡಿಗೆ ಹೋಗಿಯೇ ಇರುತ್ತೀರಿ. ವ್ಯಾಪಾರಿ ಮೂಟೆಗೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾರೆ. ಅಂಗೈ ಮೇಲೆ ಹರಡಿ ಬಾಗಿಲ ಬೆಳಕಿಗೆ ಹಿಡಿಯುತ್ತಾರೆ. ರಾಶಿಯೋ, ಬೆಟ್ಟೆಯೋ, ಸರಕೋ, ಗೊರಬಲೋ, ಕಚ್ಚಿ ನೋಡದೆ ಹೇಳುತ್ತಾರೆ. ಬಣ್ಣ ಮತ್ತು ಹೊಳಪು ನೋಡಿಯೇ. ಖಗೋಳ ವಿಜ್ಞಾನಿಗಳು ಮಾಡುವುದೂ ಅದನ್ನೇ. ಅವರ ಅಂಗೈ ಮಾತ್ರ ಕೋಟಿಗಟ್ಟಲೆ ಕಿಲೋಮೀಟರ್ ಉದ್ದ.

ಹೊಳಪು ಮೊದಲು. ಏಷ್ಯಾ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಕಾಲು ಭಾಗ ವಾಪಸ್ ಕಳಿಸುತ್ತದೆ. ಇಂಗಾಲ ಜಾಸ್ತಿ ಇರುವ ಇನ್ನೊಂದು ಜಾತಿ ಇದೆ. ಅದು ಇದ್ದಿಲಿನ ಹಾಗೆ, ಸಾಮಾನ್ಯವಾಗಿ ನೂರಕ್ಕೆ ಐದು ಪಾಲಿನ ಆಸುಪಾಸು ಕಳಿಸುತ್ತದೆ. ಆದರೆ ಒಂದು ತೊಡಕು ಇದೆ. ದೊಡ್ಡ ಕಪ್ಪು ಕಲ್ಲೂ ಸಣ್ಣ ಬಿಳಿ ಕಲ್ಲೂ ದೂರದಿಂದ ಒಂದೇ ಪ್ರಕಾಶದಲ್ಲಿ ಕಾಣಬಹುದು. ಅದನ್ನು ಬಿಡಿಸುವುದು ಶಾಖ. ಬಿಸಿಲಿಗೆ ಕಪ್ಪು ಕಲ್ಲು ಜಾಸ್ತಿ ಕಾಯುತ್ತದೆ ಅಲ್ವಾ? ಕಾದ ಕಲ್ಲು ಕಣ್ಣಿಗೆ ಕಾಣದ ಅವಕೆಂಪು ಕಿರಣ ಬಿಡುತ್ತದೆ. 1983ರಲ್ಲಿ ಹಾರಿದ ಐರಾಸ್ ಉಪಗ್ರಹ ಸಾವಿರಾರು ಕ್ಷುದ್ರಗ್ರಹಗಳ ಶಾಖವನ್ನು ಅಳೆಯಿತು. ಬೆಳಕು, ಶಾಖ ಎರಡನ್ನೂ ಸೇರಿಸಿದರೆ ಗಾತ್ರವೂ ಬಂತು, ಹೊಳಪೂ ಬಂತು.

ಬಣ್ಣದ ವಿಷಯ ಇನ್ನೂ ಸ್ವಾರಸ್ಯ. ಕಲ್ಲಿನ ಖನಿಜಗಳು ಬೆಳಕಿನ ಕೆಲವು ಬಣ್ಣಗಳನ್ನು ನುಂಗುತ್ತವೆ. ಆಲಿವಿನ್, ಪೈರಾಕ್ಸೀನ್ ಅಂತ ಎರಡು ಖನಿಜಗಳಿವೆ. ಕಬ್ಬಿಣ, ಮೆಗ್ನೀಷಿಯಂ, ಸಿಲಿಕಾನ್, ಆಮ್ಲಜನಕ ಸೇರಿ ಆದವು. ನಮ್ಮ ಭೂಮಿಯ ಕಪ್ಪು ಶಿಲೆಗಳಲ್ಲೂ ಇವು ಸಿಗುತ್ತವೆ. ಇವೆರಡೂ ಒಂದು ಮೈಕ್ರಾನ್, ಅಂದರೆ ಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲಿನ ಅಲೆಯುದ್ದದ ಆಸುಪಾಸಿನಲ್ಲಿ ಬೆಳಕನ್ನು ನುಂಗುತ್ತವೆ. ಪೈರಾಕ್ಸೀನ್ ಎರಡು ಮೈಕ್ರಾನ್ ಹತ್ತಿರವೂ ನುಂಗುತ್ತದೆ. ಚುಕ್ಕಿಯಿಂದ ಬಂದ ಬೆಳಕನ್ನು ಕಾಮನಬಿಲ್ಲಿನ ಹಾಗೆ ಬಿಡಿಸಿ ನೋಡಿದಾಗ ಈ ಜಾಗಗಳಲ್ಲಿ ತಗ್ಗು ಕಂಡರೆ ಅಲ್ಲಿ ಆ ಖನಿಜ ಇದೆ ಅಂತಲೇ ಅರ್ಥ. 1975ರಲ್ಲಿ ಚಾಪ್‌ಮನ್, ಮಾರಿಸನ್, ಝೆಲ್ನರ್ ಅನ್ನುವ ಮೂವರು ಅಮೆರಿಕನ್ ವಿಜ್ಞಾನಿಗಳು ಇಂಥ ಗುರುತುಗಳನ್ನು ಹಿಡಿದು ಕ್ಷುದ್ರಗ್ರಹಗಳನ್ನು ಗುಂಪು ಮಾಡಿದರು. ಕಲ್ಲಿನವಕ್ಕೆ 'ಎಸ್' ಅಂತ ಅಕ್ಷರ ಇಟ್ಟರು. ಏಷ್ಯಾ ಸೇರುವುದು ಈ ಎಸ್ ಗುಂಪಿಗೆ. ಈವರೆಗೆ ವಿಂಗಡಿಸಿದ ಕ್ಷುದ್ರಗ್ರಹಗಳಲ್ಲಿ ಸುಮಾರು ಆರರಲ್ಲಿ ಒಂದು ಈ ಗುಂಪಿನದು. ಪಟ್ಟಿಯ ಒಳ ಅಂಚಿನಲ್ಲಿ, ಮಂಗಳದ ಕಡೆಗೆ, ಇವೇ ಜಾಸ್ತಿ.

ಇಷ್ಟಕ್ಕೆ ಮುಗಿಯಿತು ಅಂತ ಅನಿಸಬಹುದು. ಮುಗಿಯಲಿಲ್ಲ. ಈ ಕಥೆಯಲ್ಲಿ ನನಗೆ ಅತ್ಯಂತ ಪ್ರೀತಿಯ ಭಾಗ ಈಗ ಬರುತ್ತದೆ.

ಭೂಮಿಗೆ ಬೀಳುವ ಉಲ್ಕಾಶಿಲೆಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಒಂದೇ ಬಗೆಯವು. ಅವಕ್ಕೆ ಸಾಧಾರಣ ಕಾಂಡ್ರೈಟ್ ಅಂತ ಹೆಸರು. ಅಷ್ಟು ಬೀಳುತ್ತಿವೆ ಅಂದರೆ ಮೇಲೆ ಅದೇ ಜಾತಿಯ ದೊಡ್ಡ ಕಲ್ಲುಗಳು ಬೇಕಾದಷ್ಟು ಇರಲೇಬೇಕು. ಎಸ್ ಗುಂಪಿನವೇ ಇರಬೇಕು ಅಂತ ಅನುಮಾನ ಇತ್ತು. ಆದರೆ ಲ್ಯಾಬಿನಲ್ಲಿ ಉಲ್ಕಾಶಿಲೆಯನ್ನು ಪುಡಿ ಮಾಡಿ ಅಳೆದ ಬಣ್ಣವೂ, ಟೆಲಿಸ್ಕೋಪಿನಲ್ಲಿ ಕಂಡ ಬಣ್ಣವೂ ತಾಳೆ ಆಗುತ್ತಿರಲಿಲ್ಲ. ಮೇಲಿನದು ಹೆಚ್ಚು ಕೆಂಪು, ಹೆಚ್ಚು ಮಂಕು. ತಗ್ಗುಗಳು ಇದ್ದವು, ಆದರೆ ಆಳ ಸಾಲದು. ದಶಕಗಳ ಕಾಲ ಇದರ ಮೇಲೆ ವಾದ ನಡೆಯಿತು.

ಉತ್ತರ ನಿಮ್ಮ ಮನೆಯ ಅಂಗಳದಲ್ಲೇ ಇದೆ. ಸುಲಿದ ಹಸಿ ಅಡಿಕೆಯನ್ನು ಬೇಯಿಸಿ, ಚೊಗರು ಹಾಕಿ, ಒಣಗಿಸುತ್ತೀರಿ. ಅಡಿಕೆಗೆ ಕೆಂಪು ಬಣ್ಣದ ತೆಳು ಲೇಪ ಕೂರುತ್ತದೆ. ಅಡಕತ್ತರಿ ಇಟ್ಟು ಎರಡು ಹೋಳು ಮಾಡಿ ನೋಡಿ. ಒಳಗಿನ ಬಣ್ಣವೇ ಬೇರೆ, ಬಿಳಿ ಗೆರೆಗಳು ಎದ್ದು ಕಾಣುತ್ತವೆ. ಕ್ಷುದ್ರಗ್ರಹಕ್ಕೂ ಚೊಗರು ಹತ್ತುತ್ತದೆ. ಗಾಳಿಯ ಹೊದಿಕೆ ಇಲ್ಲದ ಕಲ್ಲಿನ ಮೇಲೆ ಸೂರ್ಯನಿಂದ ಹೊರಡುವ ಕಣಗಳು ಸತತವಾಗಿ ಬಡಿಯುತ್ತವೆ. ಮರಳಿಗಿಂತ ಸಣ್ಣ ಧೂಳು ಗುಂಡಿನ ವೇಗದಲ್ಲಲ್ಲ, ಅದಕ್ಕಿಂತ ಎಷ್ಟೋ ಪಟ್ಟು ವೇಗದಲ್ಲಿ ಅಪ್ಪಳಿಸುತ್ತದೆ. ಅದರಿಂದ ಖನಿಜದೊಳಗಿನ ಕಬ್ಬಿಣ ಬಿಡುಗಡೆಯಾಗಿ ಅತಿ ಸೂಕ್ಷ್ಮ ಕಣಗಳಾಗಿ ಮೇಲ್ಮೈಯಲ್ಲೇ ಕೂರುತ್ತದೆ. ಆ ಲೇಪ ಕೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲಿನ ಲೆಕ್ಕದ್ದು. ಆದರೂ ಇಡೀ ಕ್ಷುದ್ರಗ್ರಹದ ಬಣ್ಣ ಕೆಡಿಸಲು ಅಷ್ಟೇ ಸಾಕು.

ಇದು ಸುಮ್ನೆ ಊಹೆ ಅಲ್ಲ. ಗೆಲಿಲಿಯೋ ನೌಕೆ ಗುರುವಿನ ಕಡೆ ಹೋಗುವಾಗ ದಾರಿಯಲ್ಲಿ ಎರಡು ಕಲ್ಲಿನ ಕ್ಷುದ್ರಗ್ರಹಗಳ ಪಕ್ಕ ಹಾದುಹೋಯಿತು. 1991ರ ಅಕ್ಟೋಬರಿನಲ್ಲಿ ಗ್ಯಾಸ್ಪ್ರಾ, 1993ರ ಆಗಸ್ಟಿನಲ್ಲಿ ಐಡಾ. ಮನುಷ್ಯರು ಕ್ಷುದ್ರಗ್ರಹವೊಂದನ್ನು ಹತ್ತಿರದಿಂದ ನೋಡಿದ್ದು ಗ್ಯಾಸ್ಪ್ರಾವನ್ನೇ ಮೊದಲು. ಐಡಾಕ್ಕೆ ಡ್ಯಾಕ್ಟೈಲ್ ಅನ್ನುವ ಪುಟ್ಟ ಚಂದ್ರ ಇದೆ ಅಂತಲೂ ಆಗ ಗೊತ್ತಾಯಿತು. ಮುಖ್ಯ ವಿಷಯ ಏನೆಂದರೆ, ಐಡಾದ ಮೇಲೆ ಹೊಸದಾಗಿ ಆದ ಕುಳಿಗಳ ಬಣ್ಣ ಸುತ್ತಲಿನ ಹಳೆ ಮೇಲ್ಮೈಯಷ್ಟು ಕೆಂಪಗೆ ಇರಲಿಲ್ಲ. ಅಡಿಕೆಯ ಸಿಪ್ಪೆ ಕೆರೆದ ಹಾಗೆ.

ಕೊನೆಯ ಸಾಕ್ಷಿ ತಂದದ್ದು ಜಪಾನಿನ ಹಯಾಬುಸಾ ನೌಕೆ. 2005ರಲ್ಲಿ ಅದು ಇಟೊಕಾವಾ ಅನ್ನುವ, ಸುಮಾರು 500 ಮೀಟರ್ ಉದ್ದದ ಕಲ್ಲಿನ ಕ್ಷುದ್ರಗ್ರಹದ ಮೇಲೆ ಇಳಿಯಿತು. ಅಲ್ಲಿ ಕಂಡದ್ದು ಒಂದೇ ಬಂಡೆ ಅಲ್ಲ. ಕ್ವಾರಿಯಲ್ಲಿ ಸುರಿದ ಜಲ್ಲಿ ರಾಶಿಯ ಹಾಗೆ, ಬಂಡೆ, ಕಲ್ಲು, ಮರಳು ಎಲ್ಲಾ ಸಡಿಲವಾಗಿ ಒಟ್ಟುಗೂಡಿದ ಗುಡ್ಡೆ. ಒಳಗೆ ಸುಮಾರು ನೂರಕ್ಕೆ ನಲವತ್ತು ಪಾಲು ಖಾಲಿ ಜಾಗ. ಆ ನೌಕೆಗೆ ಬಂದ ಕಷ್ಟ ಒಂದೆರಡಲ್ಲ. ಮಾದರಿ ಎಬ್ಬಿಸಲು ಹಾರಿಸಬೇಕಿದ್ದ ಗುಂಡು ಹಾರಲಿಲ್ಲ. ಇಂಧನ ಸೋರಿತು. ವಾರಗಟ್ಟಲೆ ಸಂಪರ್ಕ ಕಡಿಯಿತು. ಆದರೂ ಕೈಬಿಡದೆ ಅದನ್ನು ಮನೆಗೆ ತಂದರು. 2010ರ ಜೂನ್ 13ರಂದು ಅದರ ಡಬ್ಬಿ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಇಳಿಯಿತು. ಒಳಗೆ 1500ಕ್ಕೂ ಹೆಚ್ಚು ಕಣಗಳು ಸಿಕ್ಕವು. ಬಹುಪಾಲು ಕಣ್ಣಿಗೆ ಕಾಣದಷ್ಟು ಚಿಕ್ಕವು. ಅವನ್ನು ಸೀಳಿ ನೋಡಿದರು. ಒಳಗೆ ಸಾಧಾರಣ ಕಾಂಡ್ರೈಟಿನದೇ ಆಲಿವಿನ್, ಪೈರಾಕ್ಸೀನ್. ಹೊರಗೆ ಕಬ್ಬಿಣದ ಸೂಕ್ಷ್ಮ ಕಣಗಳ ಲೇಪ. ಇಟೊಕಾವಾ ಈಗ ಭೂಮಿಯ ಹತ್ತಿರ ಓಡಾಡಿಕೊಂಡಿದೆ, ಆದರೆ ಮೂಲತಃ ಅದೂ ಮುಖ್ಯ ಪಟ್ಟಿಯಿಂದ ಬಂದದ್ದೇ.

ಹಾಗಾಗಿ ಮಗಳಿಗೆ ಹೀಗೆ ಹೇಳಿ. ಏಷ್ಯಾದಿಂದ ಒಂದು ಹಿಡಿ ಮಣ್ಣನ್ನು ಯಾರೂ ತಂದಿಲ್ಲ. ಆದರೆ ಅದರ ಬೆಳಕಿನಲ್ಲಿ ಇರುವ ಗುರುತುಗಳು ಎಂಥ ಕಲ್ಲಿನವು ಅಂತ, ಅದೇ ಗುಂಪಿನ ಇನ್ನೊಂದರಿಂದ ಕಣ ತಂದು ಪರೀಕ್ಷೆ ಮಾಡಿದ್ದಾರೆ. ಎಸ್ ಗುಂಪಿನೊಳಗೂ ಒಳಜಾತಿಗಳಿವೆ. ಎಲ್ಲವೂ ಒಂದೇ ಅಚ್ಚಿನವಲ್ಲ. ಕಲ್ಲು ಅನ್ನುವುದರಲ್ಲಿ ಮಾತ್ರ ಅನುಮಾನ ಇಲ್ಲ.

ಏಷ್ಯಾ ನಮ್ಮ ಮೇಲೆ ಬೀಳುತ್ತದೆಯಾ ಅಂತ ನೀವು ಕೇಳಿಲ್ಲ, ಆದರೆ ಮನೆಯಲ್ಲಿ ಯಾರಾದರೂ ಕೇಳುತ್ತಾರೆ. ಇಲ್ಲ. ಅದು ಸೂರ್ಯನಿಗೆ ಎಷ್ಟೇ ಹತ್ತಿರ ಬಂದರೂ ಮಂಗಳದ ದಾರಿಯ ಆಚೆಗೇ ಉಳಿಯುತ್ತದೆ. ಬೀಳುವುದು ಚೂರುಗಳು. ಪಟ್ಟಿಯಲ್ಲಿ ಕ್ಷುದ್ರಗ್ರಹಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಚೂರಾಗುತ್ತವೆ. ಚೂರುಗಳು ಬಿಸಿಲಿನ ಶಾಖಕ್ಕೇ ನಿಧಾನವಾಗಿ ದಾರಿ ಬದಲಿಸುತ್ತಾ ಹೋಗುತ್ತವೆ. ಗುರು ಒಂದು ಸುತ್ತು ಹಾಕುವಷ್ಟರಲ್ಲಿ ಸರಿಯಾಗಿ ಮೂರು ಸುತ್ತು ಹಾಕುವ ಜಾಗಕ್ಕೆ ಬಂದವೋ, ಕೆಲಸ ಕೆಟ್ಟಿತು. ಜೋಕಾಲಿಯನ್ನು ಪ್ರತಿ ಸಲ ಒಂದೇ ಹೊತ್ತಿಗೆ ತಳ್ಳಿದ ಹಾಗೆ ಗುರುವಿನ ಸೆಳೆತ ಕೂಡುತ್ತಾ ಹೋಗಿ ಅವುಗಳನ್ನು ಒಳಗಿನ ಗ್ರಹಗಳ ಕಡೆಗೆ ಎಸೆಯುತ್ತದೆ. ಪಟ್ಟಿಯ ಆ ಜಾಗ ಖಾಲಿ ಇದೆ ಅಂತ ಅಮೆರಿಕದ ಖಗೋಳ ವಿಜ್ಞಾನಿ ಡೇನಿಯಲ್ ಕರ್ಕ್‌ವುಡ್ ಗಮನಿಸಿದ್ದು 1866ರಲ್ಲಿ. ಅದೇ 1866ರ ಏಪ್ರಿಲಿನಲ್ಲಿ ನಮ್ಮ ಘಟ್ಟದ ಕೆಳಗೆ, ಉಡುಪಿಯಲ್ಲಿ, ಒಂದು ಉಲ್ಕಾಶಿಲೆ ಬಿತ್ತು. ಅದು ಸಾಧಾರಣ ಕಾಂಡ್ರೈಟ್. ಆಗುಂಬೆಯ ತುದಿಯಲ್ಲಿ ನಿಂತು ಪಡುವಣ ಕಡಲು ನೋಡುವಾಗಲೆಲ್ಲ ನನಗೆ ಆ ಕಲ್ಲಿನ ನೆನಪಾಗುತ್ತದೆ. ಇಂಥ ಕಲ್ಲುಗಳ ತವರು ಯಾವುದು ಅಂತಲೂ ಈಗ ಸಾಕಷ್ಟು ಗೊತ್ತಾಗಿದೆ. ಬೀಳುವ ಉಲ್ಕಾಶಿಲೆಗಳಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಕರಿನ್, ಕೊರೊನಿಸ್, ಮಸಾಲಿಯಾ ಅನ್ನುವ ಮೂರೇ ಕುಟುಂಬಗಳಿಂದ (ಒಂದೊಂದು ಡಿಕ್ಕಿಯಲ್ಲಿ ಒಡೆದು ಆದ ಕ್ಷುದ್ರಗ್ರಹಗಳ ಗುಂಪುಗಳಿಂದ) ಬಂದವು ಅಂತ 2024ರಲ್ಲಿ ಪ್ರಕಟವಾದ ಅಧ್ಯಯನಗಳು ಹೇಳುತ್ತವೆ. ಮೂರೂ ಕಲ್ಲಿನವೇ.

ಈಗ ನಿಮ್ಮ ಬಸಿಗಾಲುವೆಯ ಕಲ್ಲು. ಆಸೆ ತೋರಿಸಿ ಆಮೇಲೆ ನಿರಾಸೆ ಮಾಡುವುದು ನನಗೆ ಇಷ್ಟ ಇಲ್ಲ. ಅದು ಉಲ್ಕಾಶಿಲೆ ಆಗಿರುವ ಸಾಧ್ಯತೆ ತುಂಬಾ ಕಡಿಮೆ. ಕಾರಣ ನಮ್ಮ ಮಳೆ. ಕಾಂಡ್ರೈಟಿನೊಳಗೆ ಕಬ್ಬಿಣದ ಕಣಗಳಿರುತ್ತವೆ. ಮಲೆನಾಡಿನ ಮಳೆಯಲ್ಲಿ, ನೀರು ನಿಲ್ಲುವ ತೋಟದ ಮಣ್ಣಿನಲ್ಲಿ, ಅವು ಬೇಗ ತುಕ್ಕು ಹಿಡಿದು ಕಲ್ಲನ್ನೇ ಬಿರಿಯುತ್ತವೆ. ಹಳೆಯ ಉಲ್ಕಾಶಿಲೆಗಳು ಸಹಾರಾದಂಥ ಮರಳುಗಾಡಿನಲ್ಲೂ ಅಂಟಾರ್ಕ್ಟಿಕಾದ ಹಿಮದಲ್ಲೂ ಹೆಚ್ಚು ಸಿಗುವುದು ಇದಕ್ಕೇ. ಇನ್ನೊಂದು ಕಾರಣ, ಭಾರವಾದ ಕಪ್ಪು ಕಲ್ಲಿಗೆ ನಮ್ಮಲ್ಲಿ ಬರಗಾಲ ಇಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದದ್ದು ಕೆಮ್ಮಣ್ಣುಗುಂಡಿಯ ಅದಿರು ನಂಬಿಕೊಂಡು. ಕುದುರೆಮುಖದ ಅದಿರಿಗಂತೂ ಅಯಸ್ಕಾಂತ ಗಟ್ಟಿಯಾಗಿ ಅಂಟುತ್ತದೆ. ಹಿಂದೆ ಕುಲುಮೆ ಇದ್ದ ಜಾಗವಾದರೆ ಕಬ್ಬಿಣದ ಕಿಟ್ಟವೂ ಇರಬಹುದು.

ಆದರೂ ಪರೀಕ್ಷೆ ಮಾಡಿ. ಮನೆಯಲ್ಲಿ ಖಾಲಿ ಉಪ್ಪಿನಕಾಯಿ ಜಾಡಿ ಇರುತ್ತದಲ್ಲ, ಪಿಂಗಾಣಿಯದು? ಅದನ್ನು ಬೋರಲು ಹಾಕಿ. ತಳದಲ್ಲಿ ಹೊಳಪಿಲ್ಲದ, ಒರಟಾದ ಒಂದು ಸುತ್ತು ಇರುತ್ತದೆ. ಕಲ್ಲಿನ ಒಂದು ಮೂಲೆಯನ್ನು ಅದರ ಮೇಲೆ ಒತ್ತಿ ಗೆರೆ ಎಳೆಯಿರಿ. ಕುಂಕುಮದ ಹಾಗೆ ಅಥವಾ ಇಟ್ಟಿಗೆಯ ಹಾಗೆ ಕೆಂಪು ಗೆರೆ ಬಂದರೆ ಅದು ಹೆಮಟೈಟ್ ಅದಿರು. ಕಪ್ಪು ಗೆರೆ ಬಂದರೆ ಮ್ಯಾಗ್ನಟೈಟ್ ಅದಿರು. ಕಲ್ಲಿನ ಮೈಯಲ್ಲಿ ಬೆಂದ ದೋಸೆಯ ಹಾಗೆ ತೂತುಗಳಿದ್ದರೆ ಕಿಟ್ಟ. ಉಲ್ಕಾಶಿಲೆಯಲ್ಲಿ ಅಂಥ ಗುಳ್ಳೆ ತೂತು ಇರುವುದಿಲ್ಲ. ಗೆರೆಯೇ ಬರದಿದ್ದರೆ ಅಥವಾ ಬಂದರೂ ತೀರಾ ಮಸುಕಾಗಿದ್ದರೆ ಮುಂದಿನ ಹೆಜ್ಜೆ ಇಡಿ. ಒಂದು ಮೂಲೆಯನ್ನು ಮಾತ್ರ, ಉಗುರಿನಷ್ಟು ಜಾಗ, ಅರದಿಂದ ಉಜ್ಜಿ ಬಿಸಿಲಿಗೆ ಹಿಡಿಯಿರಿ.

ಆಗ ಏನು ಕಾಣಬೇಕು ಅಂತ ಹೇಳುತ್ತೇನೆ. ಒಮ್ಮೆ ಸಾಧಾರಣ ಕಾಂಡ್ರೈಟಿನ ಒಂದು ಹೋಳನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ನನಗೆ ಸಿಕ್ಕಿತ್ತು. ಹೊರಗೆ ಕಪ್ಪು ಸಿಪ್ಪೆ, ಮೊಟ್ಟೆಯ ಚಿಪ್ಪಿಗಿಂತ ಸ್ವಲ್ಪವೇ ದಪ್ಪ. ವಾತಾವರಣದಲ್ಲಿ ಉರಿದು ಕರಗಿ ಗಟ್ಟಿಯಾದದ್ದು. ಒಳಗೆ ಒಣಗಿದ ಸಿಮೆಂಟಿನ ಬೂದು ಬಣ್ಣ. ಕೈ ಸ್ವಲ್ಪ ತಿರುಗಿಸಿದೆ. ಬೂದು ಮೈಯಲ್ಲಿ ಅಲ್ಲಲ್ಲಿ ಬೆಳ್ಳಿಯ ಚೂರು ಹೊಳೆದವು. ಅದು ಕಬ್ಬಿಣ, ನಿಕ್ಕಲ್. ಭೂತಗನ್ನಡಿ ಹಿಡಿದೆ. ರಾಗಿ ಕಾಳಿನಷ್ಟು, ಸಾಸಿವೆಯಷ್ಟು ಗಾತ್ರದ ಗುಂಡು ಗುಂಡು ಹರಳುಗಳು ಕಂಡವು. ಕಾಂಡ್ರೂಲ್ ಅನ್ನುವುದು ಇವನ್ನೇ. ಗ್ರಹಗಳು ಹುಟ್ಟುವ ಮೊದಲು ಸೂರ್ಯನ ಸುತ್ತ ತೇಲುತ್ತಿದ್ದ ಕರಗಿದ ಕಲ್ಲಿನ ಹನಿಗಳು ಹೆಪ್ಪುಗಟ್ಟಿ ಆದವು. ವಯಸ್ಸು ಸುಮಾರು 456 ಕೋಟಿ ವರ್ಷ. ನಮ್ಮ ಮಲೆನಾಡಿನ ತಳದ ಬಂಡೆಗಳು ಭಾರತದಲ್ಲೇ ಹಳೆಯ ಬಂಡೆಗಳ ಸಾಲಿಗೆ ಸೇರಿದವು, 300 ಕೋಟಿ ವರ್ಷದ ಆಸುಪಾಸಿನವು. ಅವು ಕೂಡ ಈ ಸಾಸಿವೆ ಕಾಳಿಗಿಂತ ಕಿರಿಯವು. ಹೋಳನ್ನು ವಾಪಸ್ ಕೊಡಲು ನನಗೆ ಮನಸ್ಸೇ ಬರಲಿಲ್ಲ.

ನೀವು ಉಜ್ಜಿದ ಜಾಗದಲ್ಲಿ ಬೂದು ಮೈ, ಬೆಳ್ಳಿ ಚೂರು ಎರಡೂ ಕಂಡರೆ ಅಲ್ಲಿಗೇ ನಿಲ್ಲಿಸಿ. ಒಣ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ನಮ್ಮ ದೇಶದಲ್ಲಿ ಉಲ್ಕಾಶಿಲೆಗಳನ್ನು ಕಾಪಾಡುವ ಹೊಣೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯದು. ಅವರಿಗೆ ತಿಳಿಸಬೇಕು. ಆನ್‌ಲೈನಿನಲ್ಲಿ ಕೋಟಿ ಬೆಲೆ ಹೇಳುವವರು ಸಿಗುತ್ತಾರೆ, ಅವರ ಕೈಗೆ ಮಾತ್ರ ಕೊಡಬೇಡಿ.

ಏಷ್ಯಾವನ್ನು ಮನೆಯಿಂದಲೇ ನೋಡಬಹುದಾ ಅಂತ ಮಗಳು ಕೇಳಬಹುದು. ಪ್ರಕಾಶವನ್ನು ಅಳೆಯಲು ಇವತ್ತಿಗೂ ಬಳಸುವ ಕಾಂತಿಮಾನದ ಲೆಕ್ಕವನ್ನು ಖಚಿತ ಮಾಡಿದ್ದು ಅದೇ ಪಾಗ್ಸನ್, 1856ರಲ್ಲಿ. ಅಂಕಿ ಐದು ಹೆಚ್ಚಾದರೆ ಪ್ರಕಾಶ ನೂರು ಪಟ್ಟು ಕಡಿಮೆ. ನಿಮ್ಮ ಹಳ್ಳಿಯ ಕತ್ತಲಲ್ಲಿ ಬರಿಗಣ್ಣಿಗೆ 6ರವರೆಗೆ ಕಾಣುತ್ತದೆ. ಏಷ್ಯಾ ತೀರಾ ಚೆನ್ನಾಗಿ ಕಾಣುವ ವರ್ಷದಲ್ಲೂ 10ರ ಹತ್ತಿರ, ಅಂದರೆ ಇನ್ನೂ ನಲವತ್ತು ಪಟ್ಟು ಮಂಕು. ಆರಿಂಚಿನ ಟೆಲಿಸ್ಕೋಪ್ ಇದ್ದರೆ ಕಾಣುತ್ತದೆ. ಬರೀ ಬೈನಾಕ್ಯುಲರ್ ಇದ್ದರೆ ಐರಿಸ್ ಅನ್ನುವ ಇನ್ನೊಂದು ಕಲ್ಲಿನ ಕ್ಷುದ್ರಗ್ರಹ ಹುಡುಕಲಿ. ಒಳ್ಳೆಯ ವರ್ಷದಲ್ಲಿ ಅದು 7ರ ಆಸುಪಾಸಿಗೆ ಬರುತ್ತದೆ. ಎಲ್ಲಿದೆ ಅಂತ ತೋರಿಸುವ ಉಚಿತ ಆ್ಯಪ್‌ಗಳಿವೆ. ದೀಪಾವಳಿ ಕಳೆದ ಮೇಲಿಂದ ಮಾರ್ಚ್‌ವರೆಗೆ ನಮ್ಮ ಆಕಾಶ ಚೆನ್ನಾಗಿರುತ್ತದೆ. ಅಮಾವಾಸ್ಯೆಯ ಆಚೀಚೆ, ಮಂಜು ಇಳಿಯುವ ಮೊದಲು, ಅಂಗಳದ ಲೈಟ್ ಆರಿಸಿ ಕೂರಲಿ. ಕಂಡ ಚುಕ್ಕಿಗಳನ್ನೆಲ್ಲ ಹಾಳೆಯ ಮೇಲೆ ಇದ್ದ ಹಾಗೇ ಬರೆಯಲಿ. ಎರಡು ರಾತ್ರಿ ಬಿಟ್ಟು ಮತ್ತೆ ಬರೆಯಲಿ. ಯಾವುದು ಸರಿದಿದೆಯೋ ಅದು ಐರಿಸ್.

ಆ ಎರಡು ಹಾಳೆಗಳನ್ನು ನನಗೂ ಕಳಿಸಲು ಹೇಳಿ. ಜಾಡಿಯ ತಳದಲ್ಲಿ ಬಂದ ಗೆರೆಯ ಫೋಟೊ ಕೂಡ ಇರಲಿ. ಹಗಲು ಬೆಳಕಿನಲ್ಲಿ ತೆಗೆಯಿರಿ, ಕಲ್ಲಿನ ಪಕ್ಕ ಅಳತೆಗೆ ಒಂದು ಐದು ರೂಪಾಯಿ ನಾಣ್ಯ ಇಡಿ.